ಎರಡು ಬಡಿತ

ಅಕ್ಕನ ಕಾರು ಗ್ಯಾರೇಜಿನ ಬಾಗಿಲು ದಾಟಿ ಒಳಗೆ ಬಂದಾಗ ಅವನು ನೋಡಿದ್ದು ಕಾರನ್ನಲ್ಲ, ತನ್ನ ಪಾಲುದಾರ ಕುಳ್ಳನ ಮುಖವನ್ನು. ಮುಂದಿನ ಚಕ್ರಗಳು ಬಾಗಿಲ ಉಬ್ಬನ್ನು ಹತ್ತಿಳಿಯುತ್ತಿದ್ದಂತೆ ಕುಳ್ಳನ ಹುಬ್ಬು ಗಂಟಿಕ್ಕಿತು. ಅಷ್ಟು ಸಾಕಾಯಿತು. ಕಾರು ಸದ್ದು ಮಾಡಿದೆ. ಮಾಡಬಾರದ ಜಾಗದಲ್ಲಿ ಮಾಡಿದೆ. ಅವನಿಗೆ ಮಾತ್ರ ಏನೂ ಕೇಳಿಸಿರಲಿಲ್ಲ.

ಆ ಬೀದಿಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರಿಲ್ಲ. ಕಿವಿಯಣ್ಣ ಎಂದರೆ ಎಲ್ಲರಿಗೂ ಗೊತ್ತು. ಪಕ್ಕದ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತು ಬೀದಿಯ ತುದಿಯವರೆಗೆ ಹೋಗಿ ಬಂದರೆ ಯಾವ ಬೇರಿಂಗು ಸವೆದಿದೆ, ಯಾವ ಬೋಲ್ಟು ಸಡಿಲಾಗಿದೆ ಎಂಬುದನ್ನು ಬಿಚ್ಚುವ ಮೊದಲೇ ಹೇಳುತ್ತಿದ್ದ. ಕುಳ್ಳನ ಕೈ, ಇವನ ಕಿವಿ. ಗ್ಯಾರೇಜು ನಿಂತಿದ್ದೇ ಈ ಎರಡರ ಮೇಲೆ. "ಕೈ ಮುರಿದ್ರೆ ಇನ್ನೊಂದಿದೆ, ನಿಮ್ಮ ಕಿವಿಗೆ ಮಾತ್ರ ವಿಮೆ ಮಾಡಿಸ್ಬೇಕು" ಎಂದು ಕುಳ್ಳ ಆಗಾಗ ನಗುತ್ತಿದ್ದ.

ಆ ಕಿವಿ ಕಳೆದ ಮಳೆಗಾಲದಿಂದ ಕೈಕೊಡತೊಡಗಿತ್ತು. ಮೊದಲು ಹಕ್ಕಿಗಳ ದನಿ ಹೋಯಿತು, ಆಮೇಲೆ ಮನೆಯ ಕರೆಗಂಟೆ, ಆಮೇಲೆ ಬೆನ್ನ ಹಿಂದೆ ನಿಂತವರ ಮಾತು. ಎದುರಿದ್ದವರ ತುಟಿ ನೋಡಿ ಮಾತು ಹಿಡಿಯುವುದನ್ನೂ, ಲೋಹದ ಮೇಲೆ ಅಂಗೈಯಿಟ್ಟು ನಡುಕ ಓದುವುದನ್ನೂ ಅವನು ಗುಟ್ಟಾಗಿ ರೂಢಿಸಿಕೊಂಡಿದ್ದ. ಒಬ್ಬರಿಗೂ ಬಾಯಿಬಿಟ್ಟಿರಲಿಲ್ಲ. ಬಾಯಿಬಿಟ್ಟರೆ ಅನ್ನಕ್ಕೆ ಕಲ್ಲು ಬೀಳುತ್ತದೆ ಎಂಬುದು ಒಂದು ಭಯ. ಇನ್ನೊಂದು ಭಯ ಅಪ್ಪನದು. ಕಾರ್ಖಾನೆಯ ಬಾಯ್ಲರ್ ಕೋಣೆಯಲ್ಲಿ ಕಿವಿ ಕಳೆದುಕೊಂಡ ಅಪ್ಪ ಕೊನೆಯ ವರ್ಷಗಳನ್ನು ಮನೆಯ ಮೂಲೆಯ ಕುರ್ಚಿಯಲ್ಲಿ ಕೂತು ನಗುತ್ತಾ ಕಳೆದಿದ್ದ. ಯಾರು ಏನೇ ಹೇಳಲಿ, ಆ ನಗು. ಸ್ವಂತ ತಮ್ಮನ ಸಾವಿನ ಸುದ್ದಿ ತಂದವರ ಎದುರಿಗೂ ಅದೇ ನಗು.

ಅಕ್ಕ ಕಾರಿನಿಂದ ಇಳಿದು ನೇರ ಅವನ ಮುಂದೆ ಬಂದು ನಿಂತಳು.

"ಮತ್ತೆ ಶುರುವಾಗಿದೆ ಕಣೋ. ಎಡಗಡೆ, ಮುಂದೆ. ಬ್ರೇಕ್ ಹಾಕಿದ್ರೆ ಟಕ್ ಅನ್ನುತ್ತೆ. ನಾಳೆ ಬೆಳಿಗ್ಗೆ ಭಾವನ್ನ ಕರ್ಕೊಂಡು ಘಾಟಿ ಇಳೀಬೇಕು."

ಅವಳ ಗಂಡನ ಬೆನ್ನುಹುರಿಗೆ ಶಸ್ತ್ರಚಿಕಿತ್ಸೆಯಾಗಿತ್ತು. ತಪಾಸಣೆಗೆ ಬೆಟ್ಟದಾಚೆಯ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಹಿಂದಿನ ಸೀಟಿನಲ್ಲಿ ಭಾವನನ್ನು ಮಲಗಿಸಿಕೊಂಡು ಅಕ್ಕನೇ ಓಡಿಸಬೇಕು. ಆ ದಾರಿಯಲ್ಲಿ ಒಂದು ಕಡೆ ಬಂಡೆ, ಇನ್ನೊಂದು ಕಡೆ ಆಳ.

ಈ ಪ್ರಯಾಣಕ್ಕೆಂದೇ ಹೋದ ತಿಂಗಳು ಬುಷ್ ಬದಲಾಯಿಸಿದ್ದರು. ಮುಂಚಕ್ರವನ್ನು ಕಾರಿನ ಚೌಕಟ್ಟಿಗೆ ಹಿಡಿದಿಡುವುದು ಕಬ್ಬಿಣದ ಒಂದು ತೋಳು. ಆ ತೋಳಿನ ಬುಡದಲ್ಲಿ, ಕಬ್ಬಿಣಕ್ಕೂ ಕಬ್ಬಿಣಕ್ಕೂ ನಡುವೆ ಕೂತು ಏಟನ್ನೆಲ್ಲ ತಾನೇ ನುಂಗುವುದು ಮುಷ್ಟಿಗಾತ್ರದ ಬುಷ್. ಗಟ್ಟಿ ಪ್ಲಾಸ್ಟಿಕ್ಕಿನಂಥ ಪಾಲಿ ಬುಷ್ ಹಾಕೋಣ, ಬಹಳ ಕಾಲ ಬರುತ್ತದೆ ಎಂದು ಕುಳ್ಳ ಹಟ ಹಿಡಿದಿದ್ದ. ಅವನು ಒಪ್ಪಿರಲಿಲ್ಲ. ಪಾಲಿ ಹಾಕಿದರೆ ರಸ್ತೆಯ ಪ್ರತಿ ಕಲ್ಲೂ ಸೀಟಿನವರೆಗೆ ಬಂದು ಭಾವನ ಬೆನ್ನಿಗೆ ತಾಕುತ್ತದೆ. ಕಂಪನಿಯವರೇ ಹಾಕಿದಂಥ ಮೆತ್ತನೆಯ ರಬ್ಬರೇ ಆಗಬೇಕು ಎಂದಿದ್ದ. ಆ ಮಾತು ನಿಜವೇ ಆಗಿತ್ತು. ಆದರೆ ಹೇಳದ ಕಾರಣ ಇನ್ನೊಂದಿತ್ತು. ಪಾಲಿ ಬುಷ್‌ಗೆ ಆಗಾಗ ಗ್ರೀಸ್ ಬೇಕು, ಒಣಗಿದರೆ ಕಿರುಗುಟ್ಟುತ್ತದೆ. ಆ ಕಿರುಗು ಕೇಳಲು ಕಿವಿ ಬೇಕು. ರಬ್ಬರು ಎಣ್ಣೆ ಕೇಳುವುದಿಲ್ಲ. ಎಣ್ಣೆ ತಾಕಿದರೇ ಕೆಡುತ್ತದೆ. ಅದರ ಬಿರುಕನ್ನು ಕಣ್ಣಿನಲ್ಲೇ ನೋಡಿ ಹೇಳಬಹುದು.

"ಒಂದು ರೌಂಡ್ ಹೋಗೋಣ ಬಾ" ಎಂದಳು ಅಕ್ಕ.

ಹೋಗದೆ ವಿಧಿಯಿರಲಿಲ್ಲ. ಕಿತ್ತುಹೋದ ಹಳೆಯ ರಸ್ತೆಗೆ ಕಾರು ತಿರುಗಿತು. ವಾಡಿಕೆಯಂತೆ ಕಣ್ಣು ಮುಚ್ಚಿದರೆ ಅಕ್ಕನ ತುಟಿ ಕಾಣುವುದಿಲ್ಲ. ಮುಚ್ಚದಿದ್ದರೆ ಅವಳಿಗೆ ಅನುಮಾನ. ಅವನು ಅರೆಗಣ್ಣು ಮಾಡಿ, ಅಂಗೈಯನ್ನು ಡ್ಯಾಶ್‌ಬೋರ್ಡಿಗೆ ಒತ್ತಿ ಕೂತ. ಹೊಂಡಗಳ ಕುಲುಕಾಟದಲ್ಲಿ ಅಂಗೈಗೆ ಸಾವಿರ ನಡುಕ ಬಂತು. ಯಾವುದು ಬುಷ್, ಯಾವುದು ರಸ್ತೆ ಎಂದು ತಿಳಿಯಲಿಲ್ಲ.

ಕೇಳಿಸಿತಾ ಎಂದು ಅಕ್ಕನ ತುಟಿ ಕೇಳಿತು. ಡಿಕ್ಕಿಯಲ್ಲಿ ಬೋಲ್ಟು ಬಿಗಿಯುವ ಪಾನಾ ಸಡಿಲಾಗಿ ಕುಣಿಯುತ್ತಿದೆ, ಬಟ್ಟೆ ಸುತ್ತಿಟ್ಟರೆ ನಿಲ್ಲುತ್ತದೆ ಎಂದುಬಿಟ್ಟ ಅವನು. ಅಕ್ಕ ಕಾರನ್ನು ಹೊಸದಾಗಿ ಡಾಂಬರು ಹಾಕಿದ ರಸ್ತೆಗೆ ಹೊರಳಿಸಿದಳು. ಬೆಣ್ಣೆಯಂಥ ರಸ್ತೆ. ಅಲ್ಲಿ ಒಂದಿಷ್ಟು ದೂರ ಹೋಗಿ ಅವನ ಕಡೆ ತಿರುಗಿದಳು.

"ಈಗ?"

ಅವಳ ಕಣ್ಣಿನಲ್ಲಿ ಏನೋ ಇತ್ತು. ಅದನ್ನು ಅವನು ತಪ್ಪಾಗಿ ಓದಿದ.

"ಈಗಲೂ ಇದೆ. ಸಣ್ಣಗೆ."

ಅಕ್ಕ ಕಾರನ್ನು ಒಂದು ಕಾಂಪೌಂಡಿನ ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆರಿಸಿದಳು. ಮುಖವನ್ನು ತನ್ನ ಕಿಟಕಿಯ ಕಡೆಗೆ ತಿರುಗಿಸಿಕೊಂಡಳು. ಅವಳ ಕುತ್ತಿಗೆಯ ನರ ಅಲುಗಿತು, ಕಿಟಕಿಯ ಗಾಜಿನ ಮೇಲೆ ಉಸಿರಿನ ಮಂಜು ಮೂಡಿ ಮಾಯವಾಯಿತು. ಅವಳು ಏನೋ ಹೇಳುತ್ತಿದ್ದಾಳೆ. ಹೂಂ ಅನ್ನಬೇಕೋ, ಬೇಡ ಅನ್ನಬೇಕೋ? ಅವಳು ನಿಧಾನವಾಗಿ ಇತ್ತ ತಿರುಗಿದಳು. ಕಣ್ಣು ತುಂಬಿತ್ತು.

"ನಾನೀಗ ಏನಂದೆ, ಹೇಳು."

ಅವನು ತನ್ನ ಅಂಗೈಯ ಗೆರೆಗಳಲ್ಲಿ ಕೂತಿದ್ದ ಕಪ್ಪು ಗ್ರೀಸನ್ನು ನೋಡುತ್ತಾ ಉಳಿದ. ಅಕ್ಕ ಅವನ ಗದ್ದ ಹಿಡಿದು ಮುಖ ಎತ್ತಿದಳು. ಚಿಕ್ಕಂದಿನಲ್ಲಿ ಅವನ ಮುಖ ತೊಳೆಸುವಾಗ ಹಿಡಿಯುತ್ತಿದ್ದ ಹಾಗೆ.

"ಅಪ್ಪನ ಹಾಗೇ ಆಯ್ತಲ್ಲೋ ನಿನಗೂ ಅಂದೆ. ಈ ರಸ್ತೇಲಿ ಯಾವ ಸದ್ದೂ ಇರಲಿಲ್ಲ ಕಣೋ. ಒಂದೂ ಇರಲಿಲ್ಲ."

ಅವನ ಬಾಯಿಂದ ಬಂದದ್ದು ಒಂದೇ ಮಾತು.

"ಕುಳ್ಳನಿಗೆ ಹೇಳಬೇಡ."

"ಹೇಳಲ್ಲ. ನೀನೇ ಹೇಳು" ಎಂದಳು ಅಕ್ಕ. "ಅದಕ್ಕೆ ಮೊದಲು ಇದನ್ನು ಬಿಚ್ಚು. ನಾಳೆ ಇದರಲ್ಲಿ ಮಲಗೋನು ನಿನ್ನ ಭಾವ."

ಗ್ಯಾರೇಜಿನಲ್ಲಿ ನೆಲ ಅಗೆದು ಅಂಚಿಗೆ ಕಬ್ಬಿಣದ ಪಟ್ಟಿ ಬಡಿದ ಗುಂಡಿಯಿತ್ತು. ಕಾರನ್ನು ಅದರ ಮೇಲೆ ನಿಲ್ಲಿಸಿ, ಮುಂಭಾಗವನ್ನು ಜಾಕಿನಿಂದೆತ್ತಿ, ಎಡಗಡೆಯ ತೋಳನ್ನು ಕಳಚಿದರು. ಬುಷ್ ಕಂಡೊಡನೆ ಕುಳ್ಳ ಪಾನಾ ಕೆಳಗಿಟ್ಟ. ತಿಂಗಳು ತುಂಬದ ರಬ್ಬರು ಹಿಂಡಿದ ಬಟ್ಟೆಯಂತೆ ಒಂದೇ ದಿಕ್ಕಿಗೆ ತಿರುಚಿ ಹರಿದಿತ್ತು. ಒಳಗಿನ ಉಕ್ಕಿನ ಕೊಳವೆ ಒಂದೆಳೆ ರಬ್ಬರಿನಲ್ಲಿ ನೇತಾಡುತ್ತಿತ್ತು. ಘಾಟಿಯ ತಿರುವಿನಲ್ಲಿ ಜೋರಾಗಿ ಬ್ರೇಕ್ ಹಾಕಿದ್ದರೆ ಚಕ್ರ ಹಿಂದಕ್ಕೆ ಜರುಗಿ ಕಾರು ಪಕ್ಕಕ್ಕೆ ಎಳೆಯುತ್ತಿತ್ತು. ಯಾವ ಪಕ್ಕಕ್ಕೆ ಎಂದು ಯಾರೂ ಕೇಳಲಿಲ್ಲ.

ಮಾಲು ಕೆಟ್ಟದ್ದು, ಅಂಗಡಿಯವನ ಮುಖಕ್ಕೆ ಎಸೆದು ಬರುತ್ತೇನೆ ಎಂದು ಕುಳ್ಳ ಸಿಡಿದ. ಅವನು ಮಾತ್ರ ಆ ತಿರುಚಿನ ಮೇಲೆ ಬೆರಳಾಡಿಸುತ್ತಿದ್ದ. ಕೆಟ್ಟ ಮಾಲು ಹೀಗೆ ಹರಿಯುವುದಿಲ್ಲ. ರಬ್ಬರ್ ಬುಷ್‌ನ ಬೋಲ್ಟನ್ನು ಮೊದಲು ಕೈಬಿಗಿ ಮಾತ್ರ ಮಾಡಬೇಕು. ಚಕ್ರ ನೆಲದ ಮೇಲೆ ಕೂತು ಕಾರಿನ ಭಾರ ಪೂರ್ತಿ ಬಿದ್ದ ಮೇಲೆ ಕೊನೆಯ ಬಿಗಿ. ಚಕ್ರ ಜೋತಾಡುವಾಗಲೇ ಬಿಗಿದರೆ ರಬ್ಬರು ಆ ಭಂಗಿಯಲ್ಲೇ ಸೆರೆಯಾಗುತ್ತದೆ; ಕಾರು ಕೆಳಗಿಳಿದಾಗ ತಿರುಚಿಕೊಂಡು, ನಿಂತಾಗಲೂ ಓಡುವಾಗಲೂ ಹರಿಯುತ್ತಲೇ ಇರುತ್ತದೆ. ಗುಂಡಿಯೊಳಗಿದ್ದವನಿಗೆ ಚಕ್ರ ನೆಲ ಮುಟ್ಟಿದ್ದು ಕಾಣುತ್ತದೆ, ಜಾಕು ಭಾರವನ್ನು ಪೂರ್ತಿ ಬಿಟ್ಟದ್ದು ಕಾಣುವುದಿಲ್ಲ. ಅದಕ್ಕೇ ಇವರಿಬ್ಬರ ನಡುವೆ ಹಳೆಯ ಕಟ್ಟಳೆಯೊಂದಿತ್ತು. ಭಾರ ಪೂರ್ತಿ ಬಿದ್ದ ಮೇಲೆ ಕುಳ್ಳ ಪಾನಾದ ಹಿಡಿಯಿಂದ ಬಾನೆಟ್ಟಿನ ಅಂಚಿಗೆ ಎರಡು ಸಲ ಬಡಿಯುತ್ತಿದ್ದ. ಬಡಿತ ಕೇಳದೆ ಗುಂಡಿಯವನು ಬಿಗಿಯುವಂತಿಲ್ಲ.

ಹೋದ ತಿಂಗಳು ಅಂದು ಗುಂಡಿಗಿಳಿದಿದ್ದ ಅವನು ಅಂಗೈಯನ್ನು ಗುಂಡಿಯ ಕಬ್ಬಿಣದ ಪಟ್ಟಿಗೆ ಒತ್ತಿ ಕಾದಿದ್ದ. ಎರಡು ನಡುಕ ಬಂದಿದ್ದವು. ಬಿಗಿದಿದ್ದ. ಆಮೇಲೆ ಕಾರು ತಲೆಯ ಮೇಲೆ ಇನ್ನೊಂದಿಷ್ಟು ಕುಸಿದಂತೆ ಕಂಡಿತ್ತು. ಕಣ್ಣಿನ ಭ್ರಮೆ ಎಂದು ತನಗೆ ತಾನೇ ಹೇಳಿಕೊಂಡು ಗುಂಡಿಯಿಂದ ಹತ್ತಿದ್ದ. ಈಗ ನೆನಪಾಯಿತು. ಅಂದು ಪಕ್ಕದಲ್ಲೇ ಡೆಂಟಿಂಗ್ ಕೆಲಸದವನು ಜಜ್ಜಿದ ಬಾಗಿಲೊಂದನ್ನು ನೆಲಕ್ಕೆ ಹಾಕಿ ಸುತ್ತಿಗೆಯಿಂದ ಬಡಿಯುತ್ತಿದ್ದ.

"ಮಾಲಿನದಲ್ಲ ತಪ್ಪು" ಎಂದ ಅವನು. "ನೀನು ಬಡಿಯೋಕೆ ಮೊದಲೇ ನಾನು ಬಿಗಿದೆ. ನಿನ್ನ ಬಡಿತ ನನಗೆ ಕೇಳಿಸಲ್ಲ. ಯಾವುದೂ ಕೇಳಿಸಲ್ಲ, ಕುಳ್ಳ."

ಕುಳ್ಳ ನಗಲು ಹೊರಟು ನಿಲ್ಲಿಸಿದ. ಅಕ್ಕನ ಮುಖ ನೋಡಿದ. ಮತ್ತೆ ಇವನ ಮುಖ ನೋಡಿದ.

"ಎಷ್ಟು ಗಾಡಿ ಅಣ್ಣ?" ಎಂದ ನಿಧಾನವಾಗಿ. "ಹೀಗೆ ಬಿಗಿದಿದ್ದು ಎಷ್ಟು ಗಾಡಿ?"

ಅವನಿಗೆ ಗೊತ್ತಿರಲಿಲ್ಲ. ಅದೇ ಎಲ್ಲಕ್ಕಿಂತ ಭಾರವಾದ ಉತ್ತರವಾಗಿತ್ತು. ಮಳೆಗಾಲದಿಂದ ಈಚೆಗೆ ಆ ಗುಂಡಿಯ ಮೇಲೆ ನಿಂತು ಹೋದ ಕಾರುಗಳೆಲ್ಲ ಎಲ್ಲೋ ಯಾವುದೋ ರಸ್ತೆಯಲ್ಲಿ ಓಡುತ್ತಿದ್ದವು.

ಬಲಗಡೆಯ ಬುಷ್ಷೂ ಹರಿಯತೊಡಗಿತ್ತು. ಕುಳ್ಳ ಹೊಸ ಜೋಡಿ ತಂದು ಪ್ರೆಸ್ಸಿನಲ್ಲಿ ಒತ್ತಿ ಕೂರಿಸಿದ. ತೋಳುಗಳು ಮತ್ತೆ ಸ್ಥಾನ ಸೇರಿದವು. ಪಾನಾ ಹಿಡಿದು ಗುಂಡಿಗಿಳಿಯಹೊರಟ ಕುಳ್ಳನನ್ನು ಅವನು ಭುಜ ಹಿಡಿದು ತಡೆದ. ಇದೊಂದನ್ನು ತಾನೇ ಬಿಗಿಯುತ್ತೇನೆ ಎಂದು ಕೇಳಿಕೊಂಡ. ಕುಳ್ಳ ಜಾಕಿನ ಬಳಿಗೆ ಹೋದ. ಅಕ್ಕ ಗುಂಡಿಯ ಅಂಚಿನಲ್ಲಿ ಮಂಡಿಯೂರಿ, ಕೈ ಇಳಿಬಿಟ್ಟು ಅವನ ಹೆಗಲ ಮೇಲಿಟ್ಟಳು. ಕಾರು ಇಳಿಯಿತು. ಚಕ್ರಗಳು ನೆಲ ಮುಟ್ಟಿದವು. ಅವನು ಕಾದ. ಇನ್ನೂ ಕಾದ. ಭಾರ ಪೂರ್ತಿ ಬಿದ್ದು ಕುಳ್ಳ ಬಾನೆಟ್ಟಿಗೆ ಬಡಿದಾಗ ಅಕ್ಕನ ಬೆರಳು ಅವನ ಹೆಗಲನ್ನು ಎರಡು ಸಲ ಒತ್ತಿತು. ಆಗ ಬಿಗಿದ. ಕಾರು ಮತ್ತೆ ಕುಸಿಯಲಿಲ್ಲ.

ಹೊರಡುವ ಮುನ್ನ ಅಕ್ಕ ಕಿಟಕಿಯಿಂದ ತಲೆ ಹೊರಹಾಕಿ, ಅವನಿಗೆ ಕಾಣುವಂತೆ ಬಿಡಿಬಿಡಿಯಾಗಿ ಹೇಳಿದಳು.

"ನಾಳೆ ಆಸ್ಪತ್ರೆ ತಲುಪಿದ ಮೇಲೆ ಫೋನ್ ಮಾಡಲ್ಲ. ಮೆಸೇಜ್ ಹಾಕ್ತೀನಿ."

ಬಾಗಿಲ ಉಬ್ಬು ದಾಟುವಾಗ ಕುಳ್ಳನ ಹುಬ್ಬು ಗಂಟಿಕ್ಕಲಿಲ್ಲ. ಕಾರು ಮೌನವಾಗಿ ಹೋಗಿರಬೇಕು.

ಕುಳ್ಳ ಫೋನು ಹಿಡಿದು ಹೊರಗಿನ ಕಟ್ಟೆಯ ಮೇಲೆ ಕೂತು ಹಳೆಯ ಗಿರಾಕಿಗಳನ್ನು ಒಬ್ಬೊಬ್ಬರನ್ನಾಗಿ ವಾಪಸ್ಸು ಕರೆಯತೊಡಗಿದ. ಇತ್ತ ಬೆನ್ನು ಮಾಡಿದ್ದ. ಅಷ್ಟರಲ್ಲಿ ಬೂದು ಬಣ್ಣದ ಕಾರೊಂದು ಬಂದು ನಿಂತಿತು. ಅದರ ಯಜಮಾನ, ಬಹುಕಾಲದ ಪರಿಚಯದವನು, ಪಕ್ಕದ ಬಾಗಿಲು ತೆರೆದು ಹಿಡಿದ.

"ಬನ್ನಿ ಕಿವಿಯಣ್ಣ, ಒಂದು ರೌಂಡ್. ಏನೋ ಗುಂಯ್ ಅಂತಿದೆ."

"ನನಗೆ ಕೇಳಿಸಲ್ಲ. ಕುಳ್ಳನ್ನ ಕರ್ಕೊಂಡು ಹೋಗಿ."

ಅವನು ತಮಾಷೆ ಮಾಡುತ್ತಿದ್ದಾನೆಂದುಕೊಂಡ ಗಿರಾಕಿ ಹೊಟ್ಟೆ ಕುಲುಕಿಸಿ ನಕ್ಕ. ನಗುತ್ತಲೇ ಕುಳ್ಳನ ಕಡೆ ತಿರುಗಿ ಏನೋ ಹೇಳಿದ. ಕುಳ್ಳ ತಲೆ ಎತ್ತದೆ ಏನೋ ಉತ್ತರ ಕೊಟ್ಟ. ಗಿರಾಕಿಯ ನಗು ಅಲ್ಲೇ ನಿಂತಿತು. ಅವರಿಬ್ಬರೂ ಮಾತಾಡುತ್ತಲೇ ಇದ್ದರು; ಒಬ್ಬನ ತುಟಿಯೂ ಇತ್ತ ಕಾಣುತ್ತಿರಲಿಲ್ಲ. ಅವನು ಹರಿದ ಬುಷ್ಷನ್ನು ಕೈಯಲ್ಲಿ ಹಿಡಿದುಕೊಂಡು ಅವರ ಬೆನ್ನುಗಳನ್ನು ನೋಡುತ್ತಾ ನಿಂತಿದ್ದ. ತಾನು ನಗುತ್ತಿದ್ದೇನೆ ಎಂಬುದು ಕೆನ್ನೆ ನೋಯತೊಡಗಿದಾಗ ಅವನ ಅರಿವಿಗೆ ಬಂತು.