ಪಕ್ಕದ ಕಾರ್ಡು

ವೆರೋನಿಕಾ ಗಂಡನ ಕೋಟಿನ ಒಳಜೇಬಿಗೆ ಕಾರ್ಡನ್ನು ತುರುಕುತ್ತಿದ್ದಾಗ ಹಿಂದೆ ಯಾರೋ ಕೆಮ್ಮಿದರು. ಅವಳು ಕೈ ಹೊರಗೆಳೆದು, ಶವದ ಟೈ ಸರಿಮಾಡುವವಳಂತೆ ನಟಿಸಿದಳು. ನೆಟ್ಟಗಿದ್ದ ಟೈ ಸೊಟ್ಟಗಾಯಿತು.

ಕೆಮ್ಮಿದವನು ಬರ್ನಿ, ಅವಳ ಗಂಡ ಲಿಯೊನ ಹಳೆಯ ಗೆಳೆಯ. ಅವನೇನೂ ನೋಡಿರಲಿಲ್ಲ. ಹೋಗಲಿ, ಇದೂ ಲಿಯೊನ ಜೊತೆಗೇ ಮಣ್ಣಾಗಲಿ ಎಂದುಕೊಂಡು ವೆರೋನಿಕಾ ಕುರ್ಚಿಯಲ್ಲಿ ಕುಳಿತಳು. ಹನ್ನೊಂದಕ್ಕೆ ಶವಪೆಟ್ಟಿಗೆ ಮುಚ್ಚಿದರೆ ಮುಗಿಯಿತು, ಆಮೇಲೆ ಆ ಸಂಗತಿ ಗೊತ್ತಿರುವವಳು ಭೂಮಿಯ ಮೇಲೆ ಅವಳೊಬ್ಬಳೇ.

ಪೆನ್ಸಿಲ್ವೇನಿಯಾದ ಆ ಕಲ್ಲಿದ್ದಲ ಊರಿನಲ್ಲಿ ಲಿಯೊ ಹ್ರಿಂಕೊ ಮೂವತ್ತು ವರ್ಷ ಮಾಡಿದ್ದು ಒಂದೇ ಕೆಲಸ. ಜನ ತಂದುಕೊಟ್ಟ, ಆಟಗಾರರ ಚಿತ್ರವಿರುವ ಹಳೆಯ ಬೇಸ್‌ಬಾಲ್ ಕಾರ್ಡುಗಳನ್ನು ದೀಪದಡಿ ಹಿಡಿದು, ಭೂತಗನ್ನಡಿಯಲ್ಲಿ ಮೂಲೆ, ಅಂಚು, ಬಣ್ಣ ಎಲ್ಲ ನೋಡಿ, ಹತ್ತಕ್ಕೆ ಇಷ್ಟು ಎಂದು ಅದರ ಬೆಲೆ ನಿರ್ಧರಿಸುವ ಅಂಕ ಬರೆಯುವುದು. ಚಿತ್ರ ಒಂದು ಬದಿಗೆ ಸರಿದಿದ್ದರೆ, ಮಸಿ ಚೆಲ್ಲಿದ್ದರೆ ಅದು ಕಾರ್ಖಾನೆಯ ತಪ್ಪು, ಒಂದೆರಡು ಅಂಕ ಕಳೆದುಬಿಡುತ್ತಿದ್ದ. ಆದರೆ ಸವೆದ ಅಂಚನ್ನು ಬ್ಲೇಡಿನಿಂದ ಸವರಿ ಹೊಸದರಂತೆ ಮಾಡಿ ತಂದರೆ ಅಂಕವೇ ಇಲ್ಲ. ‘ಕತ್ತರಿಸಿದ್ದು’ ಎಂದು ಬರೆದು ವಾಪಸು ಕೊಡುತ್ತಿದ್ದ. ಆಮೇಲೆ ತಂದವನನ್ನು ಕಾರ್ಡಿನ ಮಂದಿ ಕಳ್ಳನನ್ನು ನೋಡಿದಂತೆ ನೋಡುತ್ತಿದ್ದರು.

ಬಂದವರೆಲ್ಲ ಹೊಗಳಿದ್ದೇ ಹೊಗಳಿದ್ದು. ಸತ್ತವರ ಮುಂದೆ ಒಂದಕ್ಕೆರಡು ಸೇರಿಸುವುದು ಊರಿಗಿರುವ ಹಕ್ಕು, ಅದಕ್ಕೆ ತಲೆಯಾಡಿಸುವುದು ಹೆಂಡತಿಯ ಕರ್ಮ. ಸ್ವರ್ಗದ ಬಾಗಿಲು ಕೂದಲೆಳೆಯಷ್ಟು ಎಡಕ್ಕಿದೆಯೆಂದು ಲಿಯೊ ಇಷ್ಟು ಹೊತ್ತಿಗೆ ಅದನ್ನು ಕಾಯುವ ಸಂತ ಪೀಟರನ ಹತ್ತಿರ ತಗಾದೆ ತೆಗೆದಿರುತ್ತಾನೆ ಎಂದ ಬರ್ನಿ. ಜನ ನಕ್ಕರು. ವೆರೋನಿಕಾಳೂ ನಕ್ಕಳು.

ಆಗ ಎಲ್ಮರ್ ಸೋಬೆಕ್ ಒಳಗೆ ಬಂದ. ಅವಳ ನಗು ಅಲ್ಲೇ ನಿಂತಿತು.

*

ಹದಿನೆಂಟು ವರ್ಷದ ಕೆಳಗೆ ಎಲ್ಮರ್ ತನ್ನ ಅಪ್ಪ ಬಿಟ್ಟುಹೋದ ಕಾರ್ಡೊಂದನ್ನು ತಂದಿದ್ದ. ಬಲಬದಿಯಲ್ಲಿ ಒಂದು ದಾರದಷ್ಟು ಅಗಲ ಕಡಿಮೆ. ಅಂಚಿನಲ್ಲಿ ಅರ್ಧ ಮಸಿಬೊಟ್ಟು. ಲಿಯೊ ‘ಕತ್ತರಿಸಿದ್ದು’ ಎಂದು ಬರೆದ. ಎಲ್ಮರ್ ಮರುಮಾತಾಡದೆ ಹೋದವನು ಮತ್ತೆ ಆ ಮನೆಯ ಮೆಟ್ಟಿಲು ಹತ್ತಲಿಲ್ಲ.

ಒಂಬತ್ತು ವರ್ಷ ಕಳೆದ ಮೇಲೆ ಪಕ್ಕದ ಊರಿನಿಂದ ಯಾರದೋ ಬೂಟಿನ ಡಬ್ಬಿಯಲ್ಲಿ ಇನ್ನೊಂದು ಕಾರ್ಡು ಬಂತು. ಇದು ದಾರದಷ್ಟು ಹೆಚ್ಚು ಅಗಲ. ಇದರ ಎಡ ಅಂಚಿಗೆ ಬೇರೊಂದು ಕಾರ್ಡಿನ ಚೂರು ಅಂಟಿಕೊಂಡೇ ಬಂದಿತ್ತು, ಜೊತೆಗೆ ಆ ಮಸಿಬೊಟ್ಟಿನ ಇನ್ನರ್ಧ. ಕಾರ್ಡುಗಳನ್ನು ದೊಡ್ಡ ಹಾಳೆಯಲ್ಲಿ ಸಾಲಾಗಿ ಅಚ್ಚುಹಾಕಿ ಆಮೇಲೆ ಕತ್ತರಿಸುತ್ತಾರೆ. ಕಾರ್ಖಾನೆಯಲ್ಲಿ ಆವತ್ತು ಅಲಗು ಸರಿದಿತ್ತು, ಅಷ್ಟೇ. ಎಲ್ಮರನದರಲ್ಲಿ ಇಲ್ಲದ್ದು ಇದರಲ್ಲಿತ್ತು.

ಲಿಯೊ ದುಡ್ಡು ಕೊಟ್ಟು ಆ ಕಾರ್ಡನ್ನು ತಾನೇ ಇಟ್ಟುಕೊಂಡ. ಆವತ್ತು ಊಟ ಮುಟ್ಟಲಿಲ್ಲ. ನಾಳೆ ಎಲ್ಮರನಿಗೆ ಫೋನ್ ಮಾಡುತ್ತೇನೆಂದ. ಮರುದಿನ ವೆರೋನಿಕಾ ಕೇಳಿದಳು, ಅದರ ಮರುದಿನವೂ ಕೇಳಿದಳು. ಮೂರನೆಯ ಸಲ ಅವನು ಹೇಳಿದ, “ಒಂದು ತಪ್ಪು ಒಪ್ಕೊಂಡ್ರೆ ನಾನು ಬರೆದಿದ್ದೆಲ್ಲಾ ಅನುಮಾನ ಆಗುತ್ತೆ ಕಣೇ.”

ಆಮೇಲೆ ಅವಳು ಕೇಳಲಿಲ್ಲ. ಅವಳೂ ಅದೇ ಸಂಪಾದನೆಯಲ್ಲಿ ಉಂಡವಳು ತಾನೇ.

*

ಎಲ್ಮರ್ ಪೆಟ್ಟಿಗೆಯ ಮುಂದೆ ಶಿಲುಬೆಯ ಗುರುತು ಮಾಡಿ, ಬಂದು ಅವಳ ಪಕ್ಕ ಕುಳಿತ. ಮುದುಕನಾಗಿಬಿಟ್ಟಿದ್ದ.

“ನಂಗೆ ಅವನ ಮೇಲೆ ಸಿಟ್ಟಿಲ್ಲ ವೆರಾ. ಕಣ್ಣಿಗೆ ಕಂಡಿದ್ದನ್ನ ಬರೆದ.”

ಅವಳು ಕರವಸ್ತ್ರ ಮಡಿಸುತ್ತ ಕೂತಳು.

“ನಾನಂತೂ ಕತ್ತರಿಸಿರ್ಲಿಲ್ಲ. ಕಾರ್ಡಿಟ್ಟಿದ್ದ ಬೀರು ಕೀಲಿ ಇದ್ದಿದ್ದು ನನ್ನ ಹತ್ರ, ಬಿಟ್ರೆ ಡೇಲ್ ಹತ್ರ. ಇನ್ಯಾರು ಮಾಡ್ತಾರೆ ಹೇಳು?”

ಡೇಲ್ ಅವನ ಒಬ್ಬನೇ ಮಗ. ಆಗ ಇಪ್ಪತ್ತೆರಡು ವರ್ಷ. ತಾನು ಮುಟ್ಟಿಲ್ಲವೆಂದು ಸತ್ತ ತಾಯಿಯ ಮೇಲೆ ಆಣೆ ಇಟ್ಟನಂತೆ. ಲಿಯೊನ ಕಣ್ಣು ಸುಳ್ಳು ಹೇಳಲ್ಲ, ಹೇಳುತ್ತಿರುವವನು ನೀನು ಎಂದು ಎಲ್ಮರ್ ಕಪಾಳಕ್ಕೆ ಹೊಡೆದನಂತೆ. ಹುಡುಗ ಅದೇ ವಾರ ಟೆಕ್ಸಸ್ಸಿನ ಎಣ್ಣೆಬಾವಿಗಳ ಕಡೆ ಹೋದವನು ತಿರುಗಿ ಬರಲಿಲ್ಲ.

“ತಪ್ಪಾಯ್ತು ಅಂತ ಡೇಲ್ ಒಂದು ಮಾತು ಅಂದಿದ್ರೆ ಸಾಕಿತ್ತು. ನನ್ನಷ್ಟೇ ಹಠಮಾರಿ. ಇವತ್ತಿನವರೆಗೂ ಅಂದಿಲ್ಲ.”

ಎಲ್ಮರನ ಹೆಸರಷ್ಟೇ ಕೆಟ್ಟಿತೆಂದು ವೆರೋನಿಕಾ ಇಷ್ಟು ದಿನ ಅಂದುಕೊಂಡಿದ್ದಳು. ಅದನ್ನೂ ಕಾಲ ಒರೆಸಿಹಾಕುತ್ತದೆಂದು ಸಮಾಧಾನ ಮಾಡಿಕೊಂಡಿದ್ದಳು.

ಶವಸಂಸ್ಕಾರದವನು ಬಗ್ಗಿ, ಮುಚ್ಚೋಣವಾ ಅಮ್ಮಾ ಎಂದು ಕೇಳಿದ.

“ತಡಿ,” ಎಂದಳು.

ಎದ್ದು ಹೋಗಿ, ಎಲ್ಲರೂ ನೋಡುತ್ತಿದ್ದಂತೆ ಸತ್ತವನ ಜೇಬಿಗೆ ಕೈಹಾಕಿ ಕಾರ್ಡು ತೆಗೆದಳು. ಎಲ್ಮರನ ಅಂಗೈ ಮೇಲಿಟ್ಟಳು.

“ಇದು ನಿನ್ನ ಕಾರ್ಡಿನ ಪಕ್ಕದ್ದು. ಕಾರ್ಖಾನೆಯಲ್ಲೇ ಸೊಟ್ಟ ಕತ್ತರಿಸಿದ್ದು ಎಲ್ಮರ್. ಲಿಯೊಗೆ ಒಂಬತ್ತು ವರ್ಷದಿಂದ ಗೊತ್ತಿತ್ತು. ನಂಗೂ ಗೊತ್ತಿತ್ತು.”

ಕೊನೆಯ ಸಾಲಿನವರಿಗೂ ಕೇಳಲಿ ಎಂದೇ ಗಟ್ಟಿಯಾಗಿ ಹೇಳಿದಳು. ಬರ್ನಿ ತನ್ನ ಬೂಟು ನೋಡಿಕೊಳ್ಳುತ್ತಿದ್ದ.

ಎಲ್ಮರನ ಹೆಬ್ಬೆರಳು ಅಂಚಿನ ಮೇಲೆ ಜಾರುತ್ತ ಹೋಗಿ ಅರ್ಧ ಬೊಟ್ಟಿನ ಹತ್ತಿರ ನಿಂತಿತು. ಅವನು ಬಯ್ಯಲಿಲ್ಲ. ಬಯ್ದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. ಎದ್ದು, ಗೋಡೆ ಹಿಡಿದುಕೊಂಡು ಜಗಲಿಗೆ ನಡೆದ. ಅವಳೂ ಹಿಂದೆಯೇ ಹೋದಳು. ಮುಚ್ಚಿಬಿಡಿ ಎಂದು ಒಳಗಿನವರಿಗೆ ಬರ್ನಿ ಹೇಳುತ್ತಿದ್ದುದು ಕೇಳಿಸಿತು. ಅವಳು ತಿರುಗಿ ನೋಡಲಿಲ್ಲ.

ಹೊರಗೆ ಚಳಿಯಿತ್ತು. ಎಲ್ಮರ್ ಟೋಪಿ ಹಾಕಿಕೊಂಡು, ಫೋನ್ ತೆಗೆದು ಒಂದು ನಂಬರು ಹುಡುಕಿ ಅವಳ ಕೈಗೆ ಕೊಟ್ಟ.

“ನೀನೇ ಹೇಳು. ನಾನು ಹೇಳಿದ್ರೆ ಅವನು ಯಾಕೆ ನಂಬ್ತಾನೆ?”

ಅವಳು ಗುಂಡಿ ಒತ್ತಿದಳು. ಬಹಳ ಹೊತ್ತು ರಿಂಗಾಯಿತು. ಆಮೇಲೆ ಒಬ್ಬ ಗಂಡಸಿನ ಗಾಬರಿಯ ದನಿ, ಎಲ್ಮರನಿಗೂ ಕೇಳಿಸುವಷ್ಟು ಗಟ್ಟಿಯಾಗಿ:

“ಅಪ್ಪಾ? ಏನಾಯ್ತಪ್ಪಾ?”

ಎಲ್ಮರ್ ಟೋಪಿ ತೆಗೆದು ಎದೆಗೊತ್ತಿಕೊಂಡು, ತಲೆ ತಗ್ಗಿಸಿ ಆ ಫೋನಿನ ಮುಂದೆ ನಿಂತುಕೊಂಡ.