ಕಟಿಂಗ್ ಶಾಪಿನ ಮುಂದಿನ ಗುಂಡಿ

"ಗಾಡಿ ಯಾರು ಓಡ್ಸೋದು?" ಟೈರ್ ಅಂಗಡಿಯವನು ಕುಕ್ಕರಗಾಲಲ್ಲಿ ಕೂತು, ಎಡಗಡೆಯ ಮುಂದಿನ ಚಕ್ರದ ಮೈ ಸವರುತ್ತ ಕೇಳಿದ.

"ಇವಳೇ," ಎಂದ ಗಂಡ.

"ಹಾಂ..." ಎಂದು ಅಂಗಡಿಯವನು ರಾಗ ಎಳೆದ. ಆ ರಾಗದಲ್ಲೇ ವಿಚಾರಣೆ, ಸಾಕ್ಷಿ, ತೀರ್ಪು ಎಲ್ಲ ಮುಗಿದುಹೋಯಿತು. ಅವಳು ಎರಡು ಮಾರು ದೂರದಲ್ಲಿ, ಹಳೆ ಟೈರುಗಳ ರಾಶಿಗೆ ಬಟ್ಟೆ ತಾಗದಂತೆ ನಿಂತಿದ್ದಳು. ಅವರಿಬ್ಬರೂ ಅವಳು ಊರಲ್ಲೇ ಇಲ್ಲವೆಂಬಂತೆ ಮಾತು ಮುಂದುವರಿಸಿದರು.

ಟೈರಿನ ಪಕ್ಕೆಯಲ್ಲಿ ನಿಂಬೆಹಣ್ಣಿನಷ್ಟು ದೊಡ್ಡ ಉಬ್ಬು ಎದ್ದಿತ್ತು. ಗುಂಡಿಯ ಅಂಚಿಗೆ ಬಡಿದಾಗ ಒಳಗಿನ ನೂಲು ಹರಿದು ಗಾಳಿ ಹೊರಗೆ ಒತ್ತುತ್ತಿದೆ, ಜೋರಾಗಿ ಓಡಿಸಿದರೆ ಒಡೆದೇ ಹೋಗುತ್ತದೆ ಎಂದು ಅಂಗಡಿಯವನು ವಿವರಿಸಿದ. "ಇದಕ್ಕೆ ರಿಪೇರಿ ಇಲ್ಲ ಸಾರ್. ಹೊಸದೇ ಹಾಕ್ಬೇಕು."

"ಹೋದ ತಿಂಗಳು ಒಂದನ್ನ ಹರ್ಕೊಂಡು ಬಂದ್ಲು. ಈಗ ಇದು," ಎಂದು ಗಂಡ ಹಣೆ ಚಚ್ಚಿಕೊಂಡ.

"ಏಟು ಬಿದ್ದಿದ್ದು ಯಾವತ್ತು ಅಂತ ಗೊತ್ತಾಗುತ್ತಾ?" ಅವಳು ಕೇಳಿದಳು.

ಅಂಗಡಿಯವನು ಗಂಡನ ಕಡೆಗೇ ತಿರುಗಿ ಉತ್ತರ ಕೊಟ್ಟ. "ಅದು ಹೇಳಕ್ಕಾಗಲ್ಲ ಸಾರ್. ಮೊನ್ನೆ ಬಿದ್ದಿರಬಹುದು, ಹದಿನೈದು ದಿನದ ಹಿಂದೇನೂ ಬಿದ್ದಿರಬಹುದು. ಉಬ್ಬು ನಿಧಾನಕ್ಕೆ ಕಾಣಿಸ್ಕೊಳ್ಳುತ್ತೆ."

"ಭಾನುವಾರ ನೀವೂ ಓಡಿಸಿದ್ರಿ, ನಿಮ್ಮಕ್ಕನ ಮನೆಗೆ."

"ನಾನು ಓಡ್ಸೋದಕ್ಕೂ ನೀನು ಓಡ್ಸೋದಕ್ಕೂ ವ್ಯತ್ಯಾಸ ಇಲ್ವೇನೇ? ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ." ಗಂಡ ನಕ್ಕ. ಗಿರಾಕಿ ನಕ್ಕ ಮೇಲೆ ಅಂಗಡಿಯವನೂ ನಗಬೇಕಲ್ಲ, ಅವನೂ ನಕ್ಕ.

ಆ ಗಾದೆ ಕಟ್ಟಿದವರು ಈ ಊರಿನ ರಸ್ತೆ ಕಂಡಿರಲಿಲ್ಲ. ಕಂಡಿದ್ದರೆ ಕುಣಿಯುವವಳ ಪರವಾಗಿ ಇನ್ನೊಂದು ಗಾದೆಯನ್ನಾದರೂ ಕಟ್ಟುತ್ತಿದ್ದರು. ಕುಡಿಯುವ ನೀರಿನ ಪೈಪಿಗೆಂದು ಒಮ್ಮೆ, ಕೊಳಚೆ ಪೈಪಿಗೆಂದು ಒಮ್ಮೆ, ಹಾಕಿದ ಪೈಪು ಎಲ್ಲಿದೆ ಎಂದು ಹುಡುಕಲು ಇನ್ನೊಮ್ಮೆ ಅಗೆದು, ಮೇಲೆ ಮಣ್ಣು ಎಳೆದು, ಗುತ್ತಿಗೆದಾರರು ಪುಣ್ಯ ಕಟ್ಟಿಕೊಂಡು ಹೋಗಿದ್ದರು. ಡೊಂಕು ಎನ್ನಲು ಅಲ್ಲಿ ನೆಲವಾದರೂ ಎಲ್ಲಿತ್ತು?

ಹೋದ ತಿಂಗಳದ್ದು ಅವಳದೇ ಏಟು, ನಿಜ. ಸೈಕಲ್ಲಿನ ಮೇಲಿದ್ದ ಮಗುವೊಂದು ಸರಕ್ಕನೆ ಅಡ್ಡ ಬಂದದ್ದಕ್ಕೆ ಚಕ್ರವನ್ನು ಗುಂಡಿಗೆ ಇಳಿಸಿದ್ದಳು. ಮಗುವೋ ಟೈರೋ ಎಂದು ಯೋಚಿಸುವ ಪ್ರಶ್ನೆಯೇ ಇರಲಿಲ್ಲ. ಸಂಜೆ ಗಂಡ ಮನೆಗೆ ಬಂದೊಡನೆ ತಾನಾಗಿಯೇ ಹೇಳಿಕೊಂಡಿದ್ದಳು. ಹೇಳಿದ್ದೇ ತಪ್ಪಾಯಿತು. ಅವತ್ತಿನಿಂದ ಅವನು ದಿನಾ ಸಂಜೆ ಬೂಟು ಬಿಚ್ಚುವ ಮೊದಲೇ ಟಾರ್ಚು ಹಿಡಿದು ಕಾರಿನ ಸುತ್ತ ಪ್ರದಕ್ಷಿಣೆ ಹಾಕುತ್ತಿದ್ದ. ಅವಳು ಹೇಗಿದ್ದಾಳೆ, ಊಟ ಮಾಡಿದಳೇ ಎಂಬ ವಿಚಾರಣೆ ಟೈರುಗಳ ಯೋಗಕ್ಷೇಮ ಮುಗಿದ ಮೇಲೆ.

ಹೊಸ ಟೈರು ಬಿತ್ತು. ಉಬ್ಬಿದ್ದನ್ನು ಬಿಸಾಡಲು ಗಂಡನಿಗೆ ಮನಸ್ಸು ಬರಲಿಲ್ಲ. ಸ್ಟೆಪ್ನಿಯನ್ನು ಹೋದ ತಿಂಗಳೇ ಹಾಕಿಬಿಟ್ಟಿದ್ದರಿಂದ, "ಕಷ್ಟಕಾಲಕ್ಕೆ ಆಗುತ್ತೆ, ಇರ್ಲಿ" ಎಂದು ಹರಿದ ಟೈರಿನ ರಿಮ್ಮಿಗೆ ಅದನ್ನು ತೊಡಿಸಿ ಡಿಕ್ಕಿಗೆ ಹಾಕಿಸಿಕೊಂಡ. ಮನೆ ಸೇರಿದ ಮೇಲೆ ಕಾರಿನ ಕೀಲಿಯನ್ನು ಬಾಗಿಲ ಪಕ್ಕದ ಮೊಳೆಗೆ ತೂಗುಹಾಕುವ ಬದಲು ತನ್ನ ಅಂಗಿಯ ಜೇಬಿಗೆ ಹಾಕಿಕೊಂಡ.

"ಸ್ವಲ್ಪ ದಿನ ಬಸ್ಸಲ್ಲಿ ಓಡಾಡು. ಆಮೇಲೆ ನೋಡೋಣ."

ಅವಳು ಮನೆಮನೆಗೆ ಹೋಗಿ ವ್ಯಾಯಾಮ ಮಾಡಿಸುವ ಫಿಸಿಯೋ. ಸೊಂಟ ಮುರಿದವರು, ಲಕ್ವ ಹೊಡೆದವರು, ಮಂಡಿ ಬದಲಾಯಿಸಿಕೊಂಡವರು, ಎಲ್ಲ ಊರಿನ ಒಂದೊಂದು ಮೂಲೆಯಲ್ಲಿ. ಆ ಮೂಲೆಗಳಿಗೂ ಬಸ್ಸಿನ ದಾರಿಗೂ ಹಾವು ಮುಂಗುಸಿಯ ಸಂಬಂಧ. ಚೀಲದಲ್ಲಿ ಮಸಾಜಿನ ಯಂತ್ರ, ರಬ್ಬರ್ ಪಟ್ಟಿಗಳು, ಕಾಲಿಗೆ ಕಟ್ಟುವ ಮರಳಿನ ತೂಕ. ಅದನ್ನು ಹೊತ್ತು ಎರಡು ಬಸ್ಸು ಬದಲಾಯಿಸಿ ಒಂದು ಮನೆ ಮುಟ್ಟುವಷ್ಟರಲ್ಲಿ ಇನ್ನೊಂದು ಮನೆಯ ಹೊತ್ತು ಮೀರಿರುತ್ತಿತ್ತು. ಮೊದಲು ಮಂಡಿ ನೋವಿನ ಅಮ್ಮ ಬೇರೆಯವರನ್ನು ಗೊತ್ತುಮಾಡಿಕೊಂಡರು. ಆಮೇಲೆ ಮೇಷ್ಟ್ರ ಸೊಸೆಯ ಫೋನು ಬಂತು.

ಮೇಷ್ಟ್ರೆಂದರೆ ಲಕ್ವದಿಂದ ಬಲಗಾಲು ಸತ್ತುಹೋಗಿದ್ದ ಮುದುಕರು. ಮಗುವಿಗೆ ಕಲಿಸಿದಂತೆ ಕಲಿಸಿ, ಬೈಸಿಕೊಂಡು, ಅವರನ್ನು ಹಾಸಿಗೆಯಿಂದ ಎಬ್ಬಿಸಿ ಗೋಡೆ ಹಿಡಿದು ನಿಲ್ಲುವ ಹಾಗೆ ಮಾಡಿದವಳು ಅವಳೇ. ಇನ್ನು ಗೋಡೆ ಬಿಡಿಸುವುದೊಂದು ಬಾಕಿ.

"ಬೇಜಾರು ಮಾಡ್ಕೋಬೇಡಿ ಮೇಡಮ್," ಎಂದಳು ಸೊಸೆ. "ನೀವು ಬರ್ತೀರ ಅಂತ ಮಾವನೋರು ಬೆಳಗ್ಗೆಯಿಂದ ತಯಾರಾಗಿ ಕೂತಿರ್ತಾರೆ. ನೀವು ಬರೋ ಹೊತ್ತಿಗೆ ಅವರಿಗೆ ಸುಸ್ತಾಗಿ ನಿದ್ದೆ. ನಿಮ್ಮಿಂದ ಆಗಲ್ಲ ಅಂದ್ರೆ ಹೇಳ್ಬಿಡಿ, ನಾವು ಬೇರೆ ಏರ್ಪಾಡು ಮಾಡ್ಕೋತೀವಿ."

ಅವತ್ತು ರಾತ್ರಿ ಊಟಕ್ಕೆ ಬಡಿಸುತ್ತ ಅವಳು ಕೀಲಿ ಕೇಳಿದಳು. ಹೀಗೇ ಆದರೆ ಕೆಲಸವೇ ಕೈಬಿಟ್ಟು ಹೋಗುತ್ತದೆ ಎಂದೂ ಹೇಳಿದಳು. ಗಂಡ ಅನ್ನ ಕಲಸುತ್ತ ಬಹಳ ಹೊತ್ತು ಯೋಚಿಸಿದ. ಅವನೇನು ಕೆಟ್ಟವನಲ್ಲ, ಹೆಂಡತಿ ದುಡಿಯಬಾರದು ಎಂದವನೂ ಅಲ್ಲ. ಕಾರಿನ ಮೇಲೆ ಒಂದು ಕೈ ಜಾಸ್ತಿ ಪ್ರೀತಿ, ತನ್ನ ಡ್ರೈವಿಂಗಿನ ಮೇಲೆ ಎರಡು ಕೈ ಜಾಸ್ತಿ ನಂಬಿಕೆ, ಅಷ್ಟೆ. ಕೊನೆಗೆ ತಟ್ಟೆಯಿಂದ ತಲೆಯೆತ್ತಿ, ದೊಡ್ಡ ಮನಸ್ಸು ಮಾಡಿದವನ ಧಾಟಿಯಲ್ಲಿ ಹೇಳಿದ: "ನಾಳೆ ಆಫೀಸಿಗೆ ಲೇಟಾಗಿ ಹೋಗ್ತೀನಿ. ನಾನೇ ಬಿಡ್ತೀನಿ ನಿನ್ನ. ಪಕ್ಕದಲ್ಲಿ ಕೂತು ನೋಡ್ಕೋ, ಹೇಗೆ ಓಡ್ಸ್ಬೇಕು ಅಂತ. ಕಲಿತ್ಮೇಲೆ ಕೀಲಿ ತಗೋ."

ಮೈಯೆಲ್ಲ ಉರಿದುಹೋಯಿತು. ಲೈಸೆನ್ಸು ಬಂದು ವರ್ಷಗಳೇ ಆಗಿವೆ, ಆ ದಾರಿಯಲ್ಲಿ ದಿನಾ ಹೋಗಿಬಂದವಳು ತಾನು, ಈಗ ಕಲಿಯಬೇಕಂತೆ. ಆದರೆ ಗೋಡೆ ಹಿಡಿದು ನಿಂತ ಮುದುಕರನ್ನು ನೆನೆದು ಬಾಯಿ ಮುಚ್ಚಿಕೊಂಡಳು.

ರಾತ್ರಿಯೆಲ್ಲ ಮಳೆ ಹೊಯ್ದಿತ್ತು. ಬೆಳಗ್ಗೆ ಹೊರಟಾಗ ರಸ್ತೆಯ ತುಂಬ ಕೆಂಪು ನೀರು. ಗಂಡ ಸೀಟು ಹಿಂದೆ ಸರಿಸಿ, ಕನ್ನಡಿ ತಿರುಗಿಸಿ, ಗಂಟಲು ಸರಿಮಾಡಿಕೊಂಡು ಪಾಠ ಶುರು ಮಾಡಿದ.

"ಗುಂಡಿ ಕಂಡಾಗ ಹೆದರಿಕೊಂಡು ಬ್ರೇಕು ಅದುಮೋದಲ್ಲ. ಮೊದಲೇ ಸ್ಪೀಡು ಇಳಿಸಿ, ಗುಂಡಿಯೊಳಗೆ ಬ್ರೇಕು ಬಿಟ್ಟುಬಿಡ್ಬೇಕು. ಚಕ್ರ ತಾನೇ ಉರುಳ್ಕೊಂಡು ಹೋಗುತ್ತೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ಗೊತ್ತಾಯ್ತಾ?"

"ಗೊತ್ತಾಯ್ತು."

"ಎಲ್ಲಾ ಕಣ್ಣಲ್ಲಿರೋದು. ರೋಡು ಓದ್ಬೇಕು."

ಆ ರೋಡನ್ನು ಅವಳು ಬಾಯಿಪಾಠ ಮಾಡಿದ್ದಳು. ಪೆಟ್ರೋಲ್ ಬಂಕ್ ದಾಟಿದ ಮೇಲೆ ಜೋಡಿ ಗುಂಡಿ, ಅದಕ್ಕೆ ಬಲಕ್ಕೆ ಒತ್ತಿಕೊಳ್ಳಬೇಕು. ತಿರುವಿನಲ್ಲಿ ಮ್ಯಾನ್‌ಹೋಲಿನ ಮುಚ್ಚಳ ಒಂದು ಗೇಣು ಮೇಲೆದ್ದಿದೆ. ಅದಾದ ಮೇಲೆ ಕಟಿಂಗ್ ಶಾಪಿನ ಮುಂದೆ ಇರುವುದೇ ಎಲ್ಲಕ್ಕಿಂತ ಕೆಟ್ಟದ್ದು. ಮಳೆ ಬಂದಾಗ ಅದು ಗುಂಡಿಯ ಹಾಗೆ ಕಾಣುವುದೇ ಇಲ್ಲ. ಸಾಧುವಾಗಿ ನೀರು ತುಂಬಿಕೊಂಡು, ಮೇಲೆ ಆಕಾಶ ತೋರಿಸಿಕೊಂಡು, ಒಳಗೆ ಸೀಳಿದ ಸಿಮೆಂಟು ಪೈಪಿನ ಚೂಪು ಅಂಚನ್ನು ಬಚ್ಚಿಟ್ಟುಕೊಂಡಿರುತ್ತದೆ. ಅವಳು ಮನಸ್ಸಿನಲ್ಲೇ ಅದಕ್ಕೆ 'ಅತ್ತಿಗೆ' ಎಂದು ಹೆಸರಿಟ್ಟಿದ್ದಳು, ಗಂಡನ ಅಕ್ಕನ ನೆನಪಿಗೆ. ಇದನ್ನು ಯಾರಿಗೂ ಹೇಳುವಂತಿರಲಿಲ್ಲ.

ಜೋಡಿ ಗುಂಡಿಯನ್ನು ಗಂಡ ಹೇಗೋ ದಾಟಿಸಿದ. "ನೋಡಿದ್ಯಾ?" ಎಂದ. ಮ್ಯಾನ್‌ಹೋಲಿಗೆ ಅವಳೇ "ರೀ, ಮುಚ್ಚಳ" ಎಂದಳು.

"ಕಾಣ್ಸುತ್ತಮ್ಮ ನಂಗೆ. ಪಕ್ಕದಲ್ಲಿ ಕೂತು ಹಾಗೆ ಕಿರುಚ್ಬಾರ್ದು, ಓಡ್ಸೋರಿಗೆ ಗಾಬರಿಯಾಗುತ್ತೆ. ಸುಮ್ನೆ ನೋಡು, ಅಷ್ಟೆ."

ಸುಮ್ಮನಾದಳು. ಕಾರು ತಿರುವು ಕಳೆದು ನೆಟ್ಟಗಾಯಿತು. ಎದುರಿಗೆ ಕಟಿಂಗ್ ಶಾಪಿನ ನೀಲಿ ಬಾಗಿಲು, ಅದರ ಮುಂದೆ ಫಳಫಳ ಹೊಳೆಯುವ ನೀರು. ಗಂಡ ಗೇರು ಮೇಲಕ್ಕೇರಿಸಿದ. ಬಸ್ಸಿನಲ್ಲಿ ಹೋದರೆ ಜನರೊಂದಿಗೆ ಬೆರೆತ ಹಾಗೂ ಆಗುತ್ತದೆ ಎಂದು ಏನೋ ಹೇಳುತ್ತಿದ್ದ. ಅವಳ ನಾಲಿಗೆಯ ತುದಿಯಲ್ಲಿ 'ರೀ' ಬಂದು ನಿಂತಿತ್ತು. ಆ ಒಂದು ಅಕ್ಷರ ಸಾಕಿತ್ತು. ಹೇಳುವುದಕ್ಕೆ ಹೊತ್ತೂ ಇತ್ತು. ಅವಳು ಹಲ್ಲು ಕಚ್ಚಿ ಅದನ್ನು ನುಂಗಿದಳು. ಮರೆವಲ್ಲ, ಗಾಬರಿಯಲ್ಲ, ಬೇಕೆಂತಲೇ ನುಂಗಿದಳು. ನುಂಗಿ, ಎರಡೂ ಕೈಯಲ್ಲಿ ಮಡಿಲಿನ ಚೀಲವನ್ನು ಭದ್ರವಾಗಿ ಹಿಡಿದುಕೊಂಡಳು.

ಧಡ್ ಎಂದ ಸದ್ದಿಗೆ ಅಂಗಡಿಯ ಮೇಲಿನ ಪಾರಿವಾಳಗಳೆಲ್ಲ ಎದ್ದು ಹಾರಿದವು. ಕಾರು ಎಡಕ್ಕೆ ವಾಲಿ ಮುಗ್ಗರಿಸಿ ನಿಂತಿತು. ಸ್ಟಿಯರಿಂಗ್ ಗಿರಕ್ಕನೆ ತಿರುಗಿ ಗಂಡನ ಬಲಗೈ ಮಣಿಕಟ್ಟನ್ನು ತಿರುಚಿತ್ತು. ಅವನು ಕೈ ಹಿಡಿದುಕೊಂಡು "ಅಮ್ಮಾ" ಎಂದ. ಆಮೇಲೆ ಬುಸ್ಸೆಂದು ಗಾಳಿ ಹೋಗುವ ಸದ್ದು. ಅವಳಿಗೆ ಹಿತವಾಯಿತು. ಸುಳ್ಳೇಕೆ ಹೇಳಬೇಕು, ಒಂದು ಗಳಿಗೆ ಬಹಳ ಹಿತವಾಯಿತು.

ಗಂಡ ಇಳಿದು ನೋಡಿದ. ಹೊಸ ಟೈರು ಬಾಯಿ ಬಿಟ್ಟಿತ್ತು, ರಿಮ್ಮು ಸೊಟ್ಟಗಾಗಿತ್ತು. ಅವನು ನಗರಸಭೆಯನ್ನು ಬೈದ, ಗುತ್ತಿಗೆದಾರನನ್ನು ಬೈದ, ಅವನ ತಂದೆಯನ್ನೂ ಬಿಡಲಿಲ್ಲ. "ಯಾವನಿಗೆ ಗೊತ್ತಾಗುತ್ತೆ ಹೇಳು! ದೇವರೇ ಬಂದು ಓಡಿಸಿದ್ರೂ ಬೀಳೋನೇ! ಇಲ್ಲೊಂದು ಗುಂಡಿ ಇದೆ ಅಂತ ಯಾವನಿಗೆ ಗೊತ್ತಾಗುತ್ತೆ?"

ಕಟಿಂಗ್ ಶಾಪಿನವನು ಹೆಗಲ ಮೇಲೆ ಟವೆಲ್ಲು ಹಾಕಿಕೊಂಡೇ ಹೊರಗೆ ಬಂದ. ಒಳಗೆ ಅರ್ಧ ಗಡ್ಡದ ಗಿರಾಕಿ ಕುರ್ಚಿಯಲ್ಲೇ ಕತ್ತು ಹೊರಳಿಸಿ ನೋಡುತ್ತಿದ್ದ.

"ಏನ್ ಮೇಡಮ್, ನೀವಿದ್ದೂ ಹೀಗಾಯ್ತಾ?" ಎಂದ ಅವನು, ನಿಜವಾದ ಮರುಕದಿಂದ. "ದಿನಾ ನೋಡ್ತಿರ್ತೀನಲ್ಲ ಸಾರ್, ಮೇಡಮ್ ಆ ಕಲ್ಲಿನ ಪಕ್ಕದಿಂದ ಹಾಯಾಗಿ ದಾಟ್ಕೊಂಡು ಹೋಗ್ತಾರೆ. ಗಿರಾಕಿಗಳಿಗೂ ತೋರಿಸ್ತಿರ್ತೀನಿ, ನೋಡಿ, ಹಾಗೆ ಹೋಗ್ಬೇಕು ಅಂತ."

ಅವನಿಗೆ ಪಾಪ, ತಾನು ಏನು ಹೇಳಿದೆ ಎಂದು ಗೊತ್ತಿರಲಿಲ್ಲ. ಜಾಕು ಎಲ್ಲಿದೆ ಎಂದು ಕೇಳಿ ಡಿಕ್ಕಿಯ ಕಡೆಗೆ ಹೋದ.

ಗಂಡ ಬೈಯುವುದನ್ನು ನಿಲ್ಲಿಸಿದ. ಮಣಿಕಟ್ಟು ಉಜ್ಜಿಕೊಳ್ಳುತ್ತ ಅವಳ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದ. "ನಿಂಗೆ ಗೊತ್ತಿತ್ತಾ?"

ಇಲ್ಲ ಎನ್ನಬಹುದಿತ್ತು. ನೀರಿನಲ್ಲಿ ಗುರುತು ಸಿಗಲಿಲ್ಲ ಎಂದರೆ ನಂಬುತ್ತಿದ್ದ. ದೇವರಿಗೂ ಗೊತ್ತಾಗಲ್ಲ ಎಂದು ಈಗಷ್ಟೇ ಕೂಗಿದವನು ಅವನೇ.

"ಗೊತ್ತಿತ್ತು."

"ಮತ್ತೆ?"

"ಸುಮ್ನೆ ನೋಡು ಅಂದ್ರಿ. ನೋಡ್ದೆ."

ಅವನು ಕೂಗಾಡುತ್ತಾನೆ ಎಂದು ಕಾದಳು. ಅದಕ್ಕೆ ಉತ್ತರಗಳು ಸಾಲುಗಟ್ಟಿ ನಿಂತಿದ್ದವು. ಟಾರ್ಚಿನ ಪ್ರದಕ್ಷಿಣೆ, ಭಾನುವಾರದ ಅಕ್ಕನ ಮನೆ, ಟೈರ್ ಅಂಗಡಿಯವನ ಮುಂದೆ ನಕ್ಕ ನಗು, ಕೈಬಿಟ್ಟು ಹೋದ ಮಂಡಿ ನೋವಿನ ಅಮ್ಮ. ಒಂದಕ್ಕೂ ಕೆಲಸ ಬೀಳಲಿಲ್ಲ. ಗಂಡ ಕೂಗಲಿಲ್ಲ. ಕಣ್ಣು ಕಿರಿದು ಮಾಡಿ ಅವಳನ್ನು ನೋಡಿದ, ಮನೆಯೊಳಗೆ ಹೊಸದಾಗಿ ಬಂದವಳನ್ನು ನೋಡುವ ಹಾಗೆ. ಅವಳಿಗೆ ಮೊದಲಿನ ಹಿತವೆಲ್ಲ ಇಳಿದುಹೋಯಿತು.

ಕಟಿಂಗ್ ಶಾಪಿನವನೇ ಟೈರು ಬದಲಾಯಿಸಿಕೊಟ್ಟ. ಉಬ್ಬಿದ ಟೈರು ನೋಡಿ, "ಇದರಲ್ಲಿ ಆಮೆ ಥರ ಹೋಗ್ಬೇಕು, ಸಾರ್," ಎಂದು ಕೈ ತೊಳೆಯಲು ಹೋದ. ಗಂಡ ಜೇಬಿನಿಂದ ಕೀಲಿ ತೆಗೆದು ಎಡಗೈಯಲ್ಲಿ ಅವಳ ಮುಂದೆ ಹಿಡಿದ.

"ತಗೋ. ನಿಂಗೇ ಗೊತ್ತಿರೋದು ದಾರಿ. ಇನ್ಮೇಲೆ ನೀನೇ ಓಡ್ಸ್ಕೋ."

ಇಷ್ಟು ದಿನ ಬಸ್ ಸ್ಟಾಪಿನಲ್ಲಿ ನಿಂತು ನಿಂತು ಅವಳು ಹಂಬಲಿಸಿದ್ದು ಇದೇ ಕೀಲಿಗೆ. ಬಿಸಿಯಾಗಿತ್ತು, ಅವನ ಮುಷ್ಟಿಯ ಬೆವರು ಹತ್ತಿತ್ತು. ಸೀಟು ಮುಂದೆ ಸರಿಸಿಕೊಂಡಳು, ಕನ್ನಡಿ ತಿರುಗಿಸಿಕೊಂಡಳು. ಮೇಷ್ಟ್ರ ಮನೆಗೆ ಇನ್ನೂ ಹೊತ್ತು ಮೀರಿರಲಿಲ್ಲ. ಆಮೆಯ ಹಾಗೇ ಹೋದರೂ ಅವರಿಗೆ ನಿದ್ದೆ ಹತ್ತುವ ಮೊದಲು ಮುಟ್ಟಬಹುದಿತ್ತು.

ಸ್ಕೂಲಿನ ಕಾಂಪೌಂಡಿನ ಹತ್ತಿರ ರಸ್ತೆಯ ಈ ಅಂಚಿನಿಂದ ಆ ಅಂಚಿನವರೆಗೂ ನೀರು ನಿಂತಿತ್ತು. ಅಲ್ಲಿ ನೀರು ಹಿಮ್ಮಡಿ ಮುಳುಗುವಷ್ಟೂ ಇಲ್ಲ, ಕೆಳಗೆ ಗಟ್ಟಿ ನೆಲ ಎಂದು ಅವಳಿಗೆ ಗೊತ್ತಿತ್ತು. ನೇರವಾಗಿ ಬಿಟ್ಟಳು. ಗಂಡ ಕಿಟಕಿಯ ಮೇಲಿನ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಅವನು ನೀರನ್ನು ನೋಡುತ್ತಿರಲಿಲ್ಲ, ಅವಳ ಮುಖವನ್ನು ನೋಡುತ್ತಿದ್ದ.

"ಇಲ್ಲಿ ಆಳ ಇಲ್ಲ," ಎಂದಳು.

"ಹೌದಾ?"

"ಹೌದು. ನಿಜವಾಗ್ಲೂ ಇಲ್ಲ."

ಚಕ್ರಗಳು ನೀರಿಗಿಳಿದವು. ನೀರು ಎರಡೂ ಪಕ್ಕಕ್ಕೆ ಮೆಲ್ಲಗೆ ಸರಿದು ದಾರಿ ಕೊಟ್ಟಿತು. ಕಾರು ಆಚೆ ಬದಿಗೆ ಹತ್ತಿ ಒಣ ರಸ್ತೆಗೆ ಬಂದ ಮೇಲೂ ಗಂಡ ಹಿಡಿಕೆಯಿಂದ ಕೈ ತೆಗೆಯಲಿಲ್ಲ.