ಸೀಟಿನ ಕೆಳಗಿನ ನೀಲಿ ದಾರ

ಹಳೆಯ ಕಾರು ಕೊಳ್ಳುವಾಗ ಜನ ಬಾನೆಟ್ ಎತ್ತಿ ಇಂಜಿನ್ ನೋಡುತ್ತಾರೆ. ನಾನು ಸೀಟಿನ ಕೆಳಗೆ ಕೈ ಹಾಕುತ್ತೇನೆ. ಹದಿನೆಂಟು ವರ್ಷದಿಂದ ಕಾರಿನ ಸೀಟು ಹೊಲಿಯುವವಳು ನಾನು. ಕೂತವರ ತೂಕ, ಅವರ ಮಕ್ಕಳು, ಅವರ ನಾಯಿ, ಎಲ್ಲ ಅಲ್ಲಿ ಸಿಗುತ್ತದೆ. ಕಂಡವರ ಮನೆ ಸುದ್ದಿಗೆ ಮೂಗು ತೂರಿಸುವ ಚಟ ಹುಟ್ಟಿನಿಂದಲೇ ಬಂದದ್ದು; ಕಸುಬು ಅದಕ್ಕೊಂದು ನೆಪ, ಅಷ್ಟೆ.

ಆ ಶನಿವಾರ ಬೆಳಿಗ್ಗೆ ತಮ್ಮನ ಜೊತೆ ಹಳೆಯ ಕಾರು ಮಾರುವ ಅಂಗಡಿಗೆ ಹೋಗಿದ್ದು ಎರಡು ಎಸ್ಟೇಟ್ ಕಾರು ನೋಡಲು. ಹಿಂದುಗಡೆ ಒಬ್ಬರು ಕಾಲು ಚಾಚಿ ಮಲಗುವಷ್ಟು ಜಾಗವಿರುವ ಕಾರುಗಳು. ತಮ್ಮನ ಹೆಂಡತಿಗೆ ಎಂಟು ತಿಂಗಳು, ಹೊಟ್ಟೆಯಲ್ಲಿ ಅವಳಿ, ಮನೆಯಲ್ಲಿ ಆಗಲೇ ಇಬ್ಬರು. ಇಷ್ಟು ದಿನ ಕಾರು ಓಡಿಸುತ್ತಿದ್ದವಳು ಅವಳೇ. ಈಗ ಡಾಕ್ಟರು ಬೇಡ ಅಂದಿದ್ದಾರೆ. ಉಳಿದವನು ತಮ್ಮ. ಅವನೋ, ಎರಡು ವರ್ಷದ ಹಿಂದೆ ಒದ್ದೆ ರಸ್ತೆಯಲ್ಲಿ ತಾನು ಓಡಿಸುತ್ತಿದ್ದ ಕಾರು ಜಾರಿ ಕಂಬಕ್ಕೆ ಗುದ್ದಿದಾಗ ಹಿಂದೆ ಕೂತಿದ್ದ ದೊಡ್ಡ ಮಗಳ ಕೈ ಮುರಿಯಿತು; ಅಂದಿನಿಂದ ಸ್ಟೀರಿಂಗ್ ಮುಟ್ಟಿಲ್ಲ. ಮಗಳ ಕೈ ಕೂಡಿತು, ಅವಳು ಮರೆತೂಬಿಟ್ಟಳು. ಇವನು ಮರೆಯಲಿಲ್ಲ. ಹಾಗಾಗಿ ಯಾವ ಕಾರು ಅನ್ನುವುದಕ್ಕಿಂತ ಇವನು ಓಡಿಸುತ್ತಾನೋ ಇಲ್ಲವೋ ಅನ್ನುವುದೇ ನಮ್ಮ ಮನೆಯ ಚಿಂತೆಯಾಗಿತ್ತು.

ಒಂದು ಹಸಿರು, ಒಂದು ಬಿಳಿ. ಮೊದಲು ಹಸಿರಿನೊಳಗೆ ನುಗ್ಗಿದೆ. ಓಡಿಸುವವರ ಸೀಟಿನ ಅಂಚು ಹರಿದು ಸ್ಪಂಜು ಹೊರಗೆ ಇಣುಕುತ್ತಿತ್ತು. ಹಿಂದಿನ ಸೀಟಿನ ಸಂದಿಯಲ್ಲಿ ಪೆನ್ಸಿಲ್ ಸಿಪ್ಪೆ, ಒಂಟಿ ಕಾಲುಚೀಲ, ನಾಯಿ ಕೂದಲು, ಜೊತೆಗೊಂದು ಹಾಲುಹಲ್ಲು!

"ಅಯ್ಯೋ, ಇಲ್ನೋಡೋ! ಯಾವ ಮಗು ಎಷ್ಟು ಹುಡುಕಾಡಿತ್ತೋ ಏನೋ!"

"ಅಕ್ಕಾ, ನಾವು ಕಾರು ನೋಡೋಕೆ ಬಂದಿರೋದು" ಅಂದ ತಮ್ಮ.

"ಕಾರನ್ನೇ ನೋಡ್ತಿದೀನಿ. ನೀನು ಹೊರಗಿಂದ ಟೈರ್ ಒದೀತಾ ನಿಂತಿದ್ರೆ ಏನು ಗೊತ್ತಾಗುತ್ತೆ, ಮಣ್ಣು!"

ಅವನು ಬಿಳಿ ಕಾರಿನಲ್ಲಿ ಹೋಗಿ ಕೂತ. ನಾನು ಹಲ್ಲನ್ನು ಕರವಸ್ತ್ರಕ್ಕೆ ಕಟ್ಟಿಕೊಂಡು ಬರುವಷ್ಟರಲ್ಲಿ ಅವನ ಕೈ ತಾನಾಗಿಯೇ ಸ್ಟೀರಿಂಗ್ ಮೇಲಿತ್ತು. ಎರಡು ವರ್ಷದಲ್ಲಿ ಇದೇ ಮೊದಲು.

"ಈ ಸೀಟು ಎಷ್ಟು ಚೆನ್ನಾಗಿ ಹಿಡ್ಕೊಳ್ಳುತ್ತೆ ಅಕ್ಕಾ. ಇದಾದ್ರೆ ಓಡಿಸ್ತೀನಿ ಅನ್ಸುತ್ತೆ."

"ನೋಡಿ, ಹೊಸದರ ಹಾಗಿದೆ. ಒಂದು ಗೀರಿಲ್ಲ. ಒಬ್ಬರೇ ಓಡಿಸಿದ್ದು" ಅಂದ ಅಂಗಡಿಯವನು.

ನನಗೆ ಕುಣಿಯುವಷ್ಟು ಖುಷಿ. ಹೊಲಿಗೆಯ ಮೇಲೆ ಬೆರಳಾಡಿಸಿದೆ. ಎಳೆ ನೇರ, ಮೂಲೆ ಚೊಕ್ಕ. ಯಾರೋ ಗಟ್ಟಿಗರೇ ಹೊಲಿದಿದ್ದಾರೆ ಅಂದುಕೊಂಡೆ, ಹೊಟ್ಟೆಕಿಚ್ಚೂ ಆಯಿತು. ಯಾರಿರಬಹುದು? ತಡೆಯಲಾಗಲಿಲ್ಲ. ಮೊಣಕಾಲೂರಿ ಸೀಟಿನ ಕೆಳಗೆ ಮೊಬೈಲಿನ ಬೆಳಕು ಬಿಟ್ಟೆ. ಒಳಮಡಿಕೆಯಲ್ಲಿ ನೀಲಿ ದಾರ.

ಕಣ್ಣಿಗೆ ಬೀಳದ ಕಡೆ ನೀಲಿ ದಾರ ಹಾಕುವ ಜಿಪುಣಿ ಈ ಊರಲ್ಲಿ ನಾನೊಬ್ಬಳೇ. ಒಂದು ದೊಡ್ಡ ಉಂಡೆ ವರ್ಷಗಳಿಂದ ಮುಗಿಯುತ್ತಲೇ ಇಲ್ಲ. ಆಗ ನೆನಪಾಯಿತು: ನಾಲ್ಕು ತಿಂಗಳ ಹಿಂದೆ ಟೆಂಪೋದಲ್ಲಿ ನನ್ನಲ್ಲಿಗೆ ಬರೀ ಈ ಸೀಟು ಬಂದಿತ್ತು, ಕಾರಿರಲಿಲ್ಲ. ಹಳೆಯ ಬಟ್ಟೆ ಬಿಚ್ಚಿದಾಗ ಸ್ಪಂಜಿನ ತುಂಬ ಗಾಜಿನ ಚೂರು. ಚಿಮಟದಲ್ಲಿ ಒಂದೊಂದೇ ಹೆಕ್ಕಿ, ಹೊಸ ಬಟ್ಟೆ ಹೊಲಿದು ಕಳಿಸಿದ್ದೆ. ಊರಿನ ಉಸಾಬರಿಯೆಲ್ಲ ಕೇಳುವ ಬಾಯಿ ಅವತ್ತು ಮಾತ್ರ ಏನೂ ಕೇಳಿರಲಿಲ್ಲ.

ತಮ್ಮ ಇನ್ನೂ ನಗುತ್ತಾ ಕೂತಿದ್ದ. ಹೇಳಿದರೆ ಆ ಕೈ ಸ್ಟೀರಿಂಗಿನಿಂದ ಇಳಿಯುತ್ತದೆ. ಹೇಳದಿದ್ದರೆ ನಾಲ್ಕು ಮಕ್ಕಳು ಇದರಲ್ಲಿ ಕೂರುತ್ತವೆ. ಒಂದು ಕ್ಷಣ ಸುಮ್ಮನಿದ್ದುಬಿಡೋಣ ಅನ್ನಿಸಿದ್ದು ನಿಜ. ನಾಚಿಕೆಯಾಯಿತು.

"ಇಳಿಯೋ. ಇದು ಗುದ್ದಿಸ್ಕೊಂಡ ಕಾರು. ಈ ಸೀಟು ಹೊಲಿದವಳು ನಾನೇ. ಒಳಗೆಲ್ಲಾ ಗಾಜಿತ್ತು."

ಅವನ ಕೈ ಇಳಿಯಿತು. ನಾನು ಅಂಗಡಿಯವನ ಕಡೆ ತಿರುಗಿ, ಅಲ್ಲಿದ್ದ ಬೇರೆ ಗಿರಾಕಿಗಳಿಗೂ ಕೇಳುವ ಹಾಗೆ ಬಾಯಿ ಮಾಡಿದೆ. "ಏನ್ರೀ, ಒಂದು ಗೀರಿಲ್ಲ ಅಂದ್ರಲ್ಲ! ಮಕ್ಕಳೊಂದಿಗರಿಗೆ ಹೀಗೆ ಹೇಳೋಕೆ ಮನಸ್ಸಾದ್ರೂ ಹೇಗೆ ಬಂತು?"

"ಎಲ್ಲಾ ರಿಪೇರಿ ಮಾಡ್ಸಿದೀವಮ್ಮ, ಸ್ವಲ್ಪ ಮೆಲ್ಲಗೆ..."

ತಮ್ಮ ನಡುವೆ ಬಂದ. "ಇದನ್ನ ಓಡಿಸ್ತಿದ್ದವರು ಏನಾದ್ರು?"

"ಚೆನ್ನಾಗಿದಾರೆ ಸರ್. ಕಾಲಿಗೆ ಪೆಟ್ಟಾಗಿತ್ತು, ಈಗ ನಡೀತಾರೆ."

"ಅವರ ಹತ್ರ ಮಾತಾಡ್ಬೇಕು."

"ಯಾಕೆ ಸರ್..."

"ಫೋನ್ ಹಚ್ಚಿ ಕೊಡ್ತೀರೋ, ಇಲ್ಲೇ ಈ ಸೀಟು ಬಿಚ್ಚಿ ಎಲ್ಲರಿಗೂ ತೋರಿಸ್ಲೋ?" ಅಂದೆ ನಾನು. ಚೀಲದಲ್ಲಿ ಕತ್ತರಿ ಇದ್ದೇ ಇತ್ತು.

ಫೋನು ತಮ್ಮನ ಕೈಗೆ ಬಂತು. ತಾನು ಯಾರು, ಎಲ್ಲಿಂದ ಮಾತಾಡುತ್ತಿದ್ದೇನೆ ಎಂದು ಹೇಳಿದ. ಆಮೇಲೆ ಕೇಳಿದ: "ಅದಾದ ಎಷ್ಟು ದಿನಕ್ಕೆ ನೀವು ಮತ್ತೆ ಓಡಿಸಿದ್ರಿ?"

ಉತ್ತರ ಕೇಳಲು ನಾನು ಹತ್ತಿರ ಸರಿದೆ. ಅವನು ಗೋಡೆಯ ಕಡೆ ಸರಿದ. ತುಂಬಾ ಹೊತ್ತು ಬರೀ "ಹೂಂ", "ಹೂಂ". ಒಂದು ಸಲ ಮೆಲ್ಲಗೆ "ನನಗೂ" ಅಂದ. ಕೊನೆಗೇನೋ ಹೇಳಿ ಫೋನು ಹಿಂದಿರುಗಿಸಿದ. ಹಸಿರು ಕಾರಿನ ಬೀಗದ ಕೈಗೆ ಅಂಗೈ ಚಾಚಿದ.

"ಒಂದು ಸುತ್ತು ಹೋಗಿ ಬರ್ತೀವಿ. ಬಾ ಅಕ್ಕಾ."

ಹರಿದ ಸೀಟಿನಲ್ಲಿ ಕೂತ. ಕನ್ನಡಿ ಮೂರು ಸಲ ಸರಿಮಾಡಿದ, ಬೆಲ್ಟನ್ನು ಎರಡು ಸಲ ಎಳೆದು ನೋಡಿದ. ಗೇಟು ದಾಟುವಾಗ ಅವನ ಕಿವಿಯ ಪಕ್ಕ ಬೆವರು ಇಳಿಯುತ್ತಿತ್ತು. ರಸ್ತೆಗಿಳಿದೆವು. ಆಮೆಗೂ ಬೇಜಾರಾಗುವಷ್ಟು ನಿಧಾನ. ಹಿಂದಿನವರು ಹಾರ್ನ್ ಮೇಲೆ ಹಾರ್ನ್. ಬೇರೆ ದಿನವಾಗಿದ್ದರೆ ತಲೆ ಹೊರಗೆ ಹಾಕಿ ಅವರ ಜನ್ಮ ಜಾಲಾಡುತ್ತಿದ್ದೆ. ಇವತ್ತು ಹಲ್ಲು ಕಚ್ಚಿ ಕೂತೆ. ಆದರೆ ಮೊದಲ ತಿರುವು ದಾಟಿದ ಮೇಲೆ ಹೊಟ್ಟೆಯೊಳಗಿನ ಪ್ರಶ್ನೆ ನಿಲ್ಲಲಿಲ್ಲ.

"ಎಷ್ಟು ದಿನಕ್ಕೆ ಓಡಿಸಿದ್ರಂತೋ ಅವರು?"

ತಮ್ಮ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

"ಇನ್ನೂ ಓಡಿಸಿಲ್ಲವಂತೆ ಅಕ್ಕಾ. ಭಯವಂತೆ. ಇವತ್ತು ನಾನು ಓಡಿಸಿ ನೋಡ್ತೀನಿ, ಹೇಗಿತ್ತು ಅಂತ ಸಂಜೆ ನಿಮಗೆ ಫೋನ್ ಮಾಡಿ ಹೇಳ್ತೀನಿ ಅಂದಿದೀನಿ. ಈಗ ಮಾತಾಡಿಸ್ಬೇಡ."